ಕರಾವಳಿಯ ಹಳೇ ಆರ್ಕೇಡ್ ಮಾನಿಟರ್: ಪರದೆ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಕಾರವಾರದಿಂದ ಭಟ್ಕಳದವರೆಗೆ ಹಳೇ ಆರ್ಕೇಡ್ ಮೆಷಿನ್ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆ) ಇಟ್ಟುಕೊಂಡವರು ಜಾಸ್ತಿ ಇಲ್ಲ. ಒಬ್ಬರು ಜಾತ್ರೆಯಲ್ಲಿ ಆಡಿಸುತ್ತಿದ್ದ ಪೆಟ್ಟಿಗೆಯನ್ನು ಮಾರದೆ ಉಳಿಸಿಕೊಂಡಿರುತ್ತಾರೆ. ಇನ್ನೊಬ್ಬರು ಗೋವಾದಲ್ಲಿ ಗುಜರಿಗೆ ಹೋಗುತ್ತಿದ್ದುದನ್ನು ಕೊಂಡು ಟೆಂಪೋದಲ್ಲಿ ತಂದಿರುತ್ತಾರೆ. ಎಲ್ಲರೂ ಹೇಳುವುದು ಒಂದೇ ದೂರು: "ಗೇಮ್ ಓಡ್ತದೆ, ಸೌಂಡ್ ಬರ್ತದೆ, ಚಿತ್ರ ಮಾತ್ರ ಸರಿ ಇಲ್ಲ." ಅವರಿಗೆ ಸಿಗುವ ಉತ್ತರವೂ ಒಂದೇ: ಪಿಕ್ಚರ್ ಟ್ಯೂಬ್ ಹೋಗಿದೆ, ಎಲ್‌ಸಿಡಿ ಹಾಕಿಸಿ.

ದಯವಿಟ್ಟು ಅಷ್ಟು ಬೇಗ ಒಪ್ಪಬೇಡಿ. ನಾನು ಬಿಚ್ಚಿ ನೋಡಿದ ಮಾನಿಟರುಗಳಲ್ಲಿ ಟ್ಯೂಬೇ ಸತ್ತಿದ್ದು ತೀರಾ ಅಪರೂಪ. ನಮ್ಮ ಉಪ್ಪುಗಾಳಿಗೆ ಮೊದಲು ಸೋಲುವುದು ಜಾಯಿಂಟು, ಕನೆಕ್ಟರು, ಸಾಕೆಟ್ಟು. ಆಮೇಲೆ ಕಂಡೆನ್ಸರ್. ಟ್ರಾನ್ಸಿಸ್ಟರು, ಐಸಿ ಅದರ ನಂತರ. ಟ್ಯೂಬು ಎಲ್ಲಕ್ಕಿಂತ ಕೊನೆಗೆ. ಈ ಬರಹದಲ್ಲಿ ನಾನು ಹುಡುಕುವ ಕ್ರಮವೂ ಅದೇ.

ಹಿಂಬಾಗಿಲು ತೆಗೆಯುವ ಮುಂಚೆ

ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿಯುತ್ತದೆ. 19 ಇಂಚಿನ ಕಲರ್ ಟ್ಯೂಬಿನ ಆನೋಡಿಗೆ ಸುಮಾರು 20ರಿಂದ 25 ಸಾವಿರ ವೋಲ್ಟ್ ಹೋಗುತ್ತದೆ. ಟ್ಯೂಬಿನ ಬೆನ್ನ ಮೇಲೆ ರಬ್ಬರ್ ಕಪ್ ಇದೆಯಲ್ಲ, ಅದರ ಕೆಳಗಿರುವುದೇ ಆನೋಡ್. ಅದನ್ನು ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಹಾಕಬಾರದು.

ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಹಿಡಿಕೆಗೆ ಒಳ್ಳೆಯ ಇನ್ಸುಲೇಶನ್ ಇರಬೇಕು. ಅದರ ಲೋಹದ ಭಾಗಕ್ಕೆ ಕ್ಲಿಪ್ ವೈರ್ ಹಾಕಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಅಡ್ಡಲಾಗಿ ಎಳೆದು ಕಟ್ಟಿದ ಹೆಣೆದ ತಂತಿಗೆ ಸಿಕ್ಕಿಸಿ. ಆ ತಂತಿ ಟ್ಯೂಬಿನ ಹೊರಗಿನ ಕಪ್ಪು ಲೇಪದ ಗ್ರೌಂಡ್. ಒಂದು ಕೈ ಬೆನ್ನ ಹಿಂದೆ ಇರಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ತುದಿಯನ್ನು ರಬ್ಬರ್ ಕಪ್ಪಿನ ಅಡಿಗೆ ನಿಧಾನವಾಗಿ ತೂರಿಸಿ. 'ಟಪ್' ಎಂದು ಸದ್ದಾಗಬಹುದು, ಆಗದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಟ್ಯೂಬಿನ ಗಾಜು ಚಾರ್ಜನ್ನು ಹೀರಿಕೊಂಡಿದ್ದು ತಾನಾಗಿ ಮತ್ತೆ ಮೇಲೆ ಬರುತ್ತದೆ. ಟ್ಯೂಬಿನ ಕುತ್ತಿಗೆ ತೆಳು ಗಾಜು, ಅದಕ್ಕೆ ಏನೂ ತಾಗಬಾರದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಇನ್ನೊಂದು ಅಪಾಯವನ್ನು ನಮ್ಮ ಕಡೆ ಬಹಳ ಜನ ಗಮನಿಸುವುದಿಲ್ಲ. ಉತ್ತರ ಅಮೆರಿಕದ ಹಳೇ ಮಾನಿಟರುಗಳು, ಉದಾಹರಣೆಗೆ ವೆಲ್ಸ್ ಗಾರ್ಡ್ನರ್ ಕೆ 7000, ಎಲೆಕ್ಟ್ರೋಹೋಮ್ ಜಿ 07, 120 ವೋಲ್ಟ್ ಎಸಿ ಕೇಳುತ್ತವೆ. ಅದೂ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಬರಬೇಕು. ಈ ಮಾನಿಟರುಗಳ ಬೋರ್ಡಿನ ಗ್ರೌಂಡ್ ಒಳಬರುವ ಕರೆಂಟಿನ ಲೈನಿನಿಂದ ಬೇರ್ಪಟ್ಟಿರುವುದಿಲ್ಲ. ಅಂಗಡಿಯಲ್ಲಿ ಸಿಗುವ 230ರಿಂದ 110 ಮಾಡುವ ಪೆಟ್ಟಿಗೆಗಳಲ್ಲಿ ಹಲವು ಬರೀ ಆಟೋ ಟ್ರಾನ್ಸ್‌ಫಾರ್ಮರ್. ಅವು ವೋಲ್ಟೇಜ್ ಇಳಿಸುತ್ತವೆ, ಬೇರ್ಪಡಿಸುವುದಿಲ್ಲ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಮೀಟರನ್ನು ಕಂಟಿನ್ಯುಟಿಗೆ ಇಟ್ಟು, ಒಳಬರುವ ಪಿನ್ನಿಗೂ ಹೊರಹೋಗುವ ಪಿನ್ನಿಗೂ ಹಿಡಿಯಿರಿ. ಮೀಟರ್ ಕೂಗಿದರೆ ಐಸೋಲೇಶನ್ ಇಲ್ಲ. ಅಂಥದ್ದನ್ನು ಹಾಕಿ ಗೇಮ್ ಬೋರ್ಡಿನ ಗ್ರೌಂಡ್ ಜೋಡಿಸಿದರೆ ಮಾನಿಟರು, ಬೋರ್ಡು ಎರಡೂ ಹೋಗುತ್ತವೆ. ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆ.

ತೊಂದರೆ ಬೋರ್ಡಿನದೋ ಮಾನಿಟರಿನದೋ

ಪರದೆ ಮೇಲೆ ಕಾಣುವುದೆಲ್ಲ ಮಾನಿಟರಿನ ತಪ್ಪಲ್ಲ. ಅಕ್ಷರಗಳು ಕಲಸಿಹೋಗಿವೆ, ಗೊಂಬೆಗಳು ತುಂಡು ತುಂಡಾಗಿವೆ, ಆದರೆ ಅವು ಅಲುಗಾಡದೆ ಚೂಪಾಗಿ ನಿಂತಿವೆ ಎಂದರೆ ಮಾನಿಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಕೊಟ್ಟದ್ದನ್ನು ಕೊಟ್ಟ ಹಾಗೆ ತೋರಿಸುತ್ತಿದೆ. ಆಗ ಗೇಮ್ ಬೋರ್ಡಿನ ಕಡೆ ಹೋಗಿ. ಮೊದಲು 5 ವೋಲ್ಟ್ ಸಪ್ಲೈ ಅಳೆಯಿರಿ. ಸಪ್ಲೈಯಲ್ಲಿ ಅಳೆದರೆ ಸಾಲದು, ಬೋರ್ಡಿನ ಮೇಲಿನ ಐಸಿಯ ಕಾಲಿನಲ್ಲೇ ಅಳೆಯಬೇಕು. ಅಲ್ಲಿ 4.7 ಬಂದರೆ ನಡುವಿನ ಕನೆಕ್ಟರ್ ವೋಲ್ಟೇಜ್ ತಿನ್ನುತ್ತಿದೆ ಎಂದರ್ಥ.

ಅಕ್ಷರಗಳು ಸರಿಯಾಗಿದ್ದು ಚಿತ್ರವೇ ಓರೆ, ಸಣ್ಣ, ಮಸುಕು, ಉರುಳಾಟ ಅಂತಿದ್ದರೆ ಆಗ ಮಾನಿಟರ್ ಮೇಲೆ, ಇಲ್ಲವೇ ನಡುವಿನ ವೈರಿನ ಮೇಲೆ ಅನುಮಾನ ಪಡಿ.

1985ರ ನಂತರದ ಬಹುತೇಕ ಬೋರ್ಡುಗಳಿಗೆ ಜಾಮಾ ಎಂಬ ಒಂದೇ ಮಾದರಿಯ ಕನೆಕ್ಟರ್ ಇರುತ್ತದೆ. ಎರಡೂ ಬದಿ ಸೇರಿ 56 ಪಿನ್ನು. ನಮಗೆ ಬೇಕಾದದ್ದು ಐದೇ. 12ನೇ ಪಿನ್ನಿನ ಮೇಲ್ಬದಿ, ಅಂದರೆ ಐಸಿಗಳು ಕೂತಿರುವ ಬದಿ, ಕೆಂಪು. ಅದರ ಕೆಳಬದಿ ಹಸಿರು. 13ರ ಮೇಲ್ಬದಿ ನೀಲಿ, ಕೆಳಬದಿ ಸಿಂಕ್, ಅಂದರೆ ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಿಗ್ನಲ್. 14ರ ಮೇಲ್ಬದಿ ವಿಡಿಯೋ ಗ್ರೌಂಡ್. ಈ ಐದು ಜಾಗ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬೋರ್ಡಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಹಾಕಿ ನೋಡಿ. ಮಳೆಗಾಲ ಮುಗಿದ ಮೇಲೆ ಇಷ್ಟಕ್ಕೇ ಸರಿಹೋದ ಮೆಷಿನ್‌ಗಳನ್ನು ನೋಡಿದ್ದೇನೆ.

ಒಂದು ಎಚ್ಚರಿಕೆ. ಟೆಸ್ಟ್ ಮಾಡಲು ಸುಮ್ನೆ ಕಂಪ್ಯೂಟರಿನ ವಿಜಿಎ ತಂತಿ ತಂದು ಸಿಕ್ಕಿಸಬೇಡಿ. ಹಳೇ ಆರ್ಕೇಡ್ ಮಾನಿಟರ್ 15 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ಕೆಲಸ ಮಾಡುವಂಥದ್ದು. ವಿಜಿಎ 31 ಕಿಲೋಹರ್ಟ್ಸ್. ಕೊಟ್ಟರೆ ಮಾನಿಟರ್ ಕಿರುಚುತ್ತದೆ, ಚಿತ್ರವನ್ನು ಅಡ್ಡಕ್ಕೆ ಎಳೆಯುವ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಹಲವು ಗೇಮ್ ಬೋರ್ಡುಗಳಲ್ಲಿ ಸಣ್ಣ ಡಿಪ್ ಸ್ವಿಚ್ ಒತ್ತಿದರೆ ಟೆಸ್ಟ್ ಮೋಡ್ ಬರುತ್ತದೆ. ಅದರಲ್ಲಿ ಬಲೆಯಂಥ ಗೆರೆಗಳು, ಬಣ್ಣದ ಪಟ್ಟಿಗಳು ಸಿಗುತ್ತವೆ. ನಮಗೆ ಅಷ್ಟು ಸಾಕು.

ಉಪ್ಪು, ಕಿಲುಬು, ಡ್ರೈ ಸೋಲ್ಡರ್

ಬೈತಖೋಲದಲ್ಲಿ, ಕೋಡಿಬಾಗದಲ್ಲಿ, ಗೋಕರ್ಣದ ದಂಡೆಯಲ್ಲಿ ಇಟ್ಟ ಮೆಷಿನ್ ಒಳಗೆ ನೋಡಿ. ಸ್ಕ್ರೂಗಳಿಗೆ ತುಕ್ಕು, ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು. ಶಿರಸಿ, ಸಿದ್ದಾಪುರದ ಕಡೆಯ ಮೆಷಿನ್ ಬೇರೆ ಥರ ಕೆಡುತ್ತದೆ. ಅಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲವಿಡೀ ಥಂಡಿ. ಬೋರ್ಡಿನ ಮೇಲೆ ಬೂಸ್ಟು ಕೂರುತ್ತದೆ, ಮರದ ಪೆಟ್ಟಿಗೆ ಉಬ್ಬುತ್ತದೆ. ಬೂಸ್ಟನ್ನು ಬ್ರಷ್ಷಿನಿಂದ ತೆಗೆದರೆ ಹೋಗುತ್ತದೆ. ಉಪ್ಪು ಹಾಗಲ್ಲ. ಅದು ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಹೀಗಾಗಿ ಕಡಲ ಬದಿಯ ಮಾನಿಟರಿಗೆ ಮೊದಲ ದಿನದ ಕೆಲಸ ಅಳತೆಯಲ್ಲ, ಶುಚಿ ಮಾಡುವುದು.

ಬೋರ್ಡನ್ನು ಹೊರತೆಗೆದು ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಷ್ಷಿನಿಂದ ತಿಕ್ಕಿ. ಕೆಲವರು ನೀರಿನಲ್ಲಿ ತೊಳೆಯುತ್ತಾರೆ. ಬಯಲುಸೀಮೆಯ ಬಿಸಿಲಲ್ಲಿ ಅದು ನಡೆಯಬಹುದು, ಜುಲೈ ತಿಂಗಳ ಕಾರವಾರದಲ್ಲಿ ಬೇಡ. ಆನೋಡಿನ ಸಾವಿರಾರು ವೋಲ್ಟ್ ತಯಾರಿಸುವ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರ್ ಅಡಿಯಲ್ಲಿ ಸೇರಿದ ನೀರು ಇಲ್ಲಿ ವಾರವಾದರೂ ಆರುವುದಿಲ್ಲ.

ಬೋರ್ಡ್ ಸ್ವಚ್ಛವಾದ ಮೇಲೆ ತಿರುಗಿಸಿ, ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಸೋಲ್ಡರ್ ಜಾಯಿಂಟುಗಳನ್ನು ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದಂತೆ ಬಿರುಕು ಕಂಡರೆ ಅದೇ ಡ್ರೈ ಸೋಲ್ಡರ್. ಭಾರ ಇರುವ, ಬಿಸಿಯಾಗುವ, ಎಳೆದಾಡುವ ಭಾಗಗಳಲ್ಲೇ ಇದು ಜಾಸ್ತಿ. ಇ.ಎಚ್.ಟಿ. ಕಾಲುಗಳು, ಹಾರಿಜಾಂಟಲ್ ಡ್ರೈವರ್ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸಿಸ್ಟರ್, ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಐಸಿ, ಯೋಕ್ (ಟ್ಯೂಬಿನ ಕುತ್ತಿಗೆ ಸುತ್ತಲಿನ ತಾಮ್ರದ ಸುರುಳಿ) ಕನೆಕ್ಟರ್, ವಿಡಿಯೋ ತಂತಿ ಬರುವ ಪಿನ್ನುಗಳು. ಬಿರುಕು ಕಾಣಲಿ ಬಿಡಲಿ, ಇವಿಷ್ಟನ್ನೂ ಹಳೇ ಸೋಲ್ಡರ್ ಹೀರಿ ತೆಗೆದು ಹೊಸದು ಹಾಕಿಬಿಡಿ. ಹಳೆಯದರ ಮೇಲೇ ಬಿಸಿ ಮುಟ್ಟಿಸಿದರೆ ಒಂದು ತಿಂಗಳು ಬಾಳುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಕನೆಕ್ಟರಿನ ವಿಷಯದಲ್ಲಿ ನನ್ನ ಮಾತು ಖಡಕ್: ಪಿನ್ನು ಹಸಿರಾಗಿದ್ದರೆ ಗಂಡು ಹೆಣ್ಣು ಎರಡನ್ನೂ ಬದಲಿಸಿ. ತಿಕ್ಕಿ ತೊಳೆದರೆ ಮೇಲಿನ ಲೇಪ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕೆಡುತ್ತದೆ. ಗ್ರೌಂಡ್ ತಂತಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಓಮ್ಸ್ ನೋಡಬೇಡಿ. ಮೆಷಿನ್ ಓಡುತ್ತಿರುವಾಗ ಗೇಮ್ ಬೋರ್ಡಿನ ಗ್ರೌಂಡಿಗೂ ಮಾನಿಟರಿನ ವಿಡಿಯೋ ಗ್ರೌಂಡಿಗೂ ನಡುವೆ ವೋಲ್ಟೇಜ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. ಅರ್ಧ ವೋಲ್ಟ್ ಬಂತೆಂದರೆ ಆ ದಾರಿಯಲ್ಲಿ ಎಲ್ಲೋ ಕಿಲುಬು ಕೂತಿದೆ.

ಬೆಳಗ್ಗೆ ಮಸುಕು, ಮಧ್ಯಾಹ್ನ ಸ್ಪಷ್ಟ

ಇದು ಕಡಲ ಬದಿಯ ಮೆಷಿನ್‌ಗಳಲ್ಲಿ ಪದೇ ಪದೇ ಸಿಗುವ ತೊಂದರೆ. ಹೀಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಮಟಾದ ಒಂದು ಹೋಟೆಲಿನ ಮೆಷಿನ್ ಹೀಗೇ ಇತ್ತು. ಬೆಳಗ್ಗೆ ಹಾಕಿದಾಗ ಸ್ಕೋರಿನ ಅಂಕಿಗಳೇ ಓದಲು ಬಾರದಷ್ಟು ಮಸುಕು. ಒಂದೆರಡು ಗಂಟೆ ಕಳೆದರೆ ತಾನಾಗಿ ಚೂಪಾಗುತ್ತಿತ್ತು. ಮಳೆ ಜೋರಿದ್ದ ದಿನ ಮಧ್ಯಾಹ್ನವಾದರೂ ಸರಿಯಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ತೊಂದರೆಯೇ ಇಲ್ಲ. ಮಾಲೀಕರಿಗೆ ಯಾರೋ ಟ್ಯೂಬ್ ಮುದಿಯಾಗಿದೆ ಎಂದಿದ್ದರು. ಮುದಿ ಟ್ಯೂಬ್ ಕೂಡ ಶುರುವಿನಲ್ಲಿ ಮಂಕಾಗಿದ್ದು ಆಮೇಲೆ ಬೆಳಗುತ್ತದೆ, ನಿಜ. ಆದರೆ ಅದಕ್ಕೆ ಮಳೆ ಬಿಸಿಲಿನ ಲೆಕ್ಕ ಇರುವುದಿಲ್ಲ. ಇಲ್ಲಿ ಬೆಳಕು ಮೊದಲ ನಿಮಿಷದಿಂದಲೇ ಚೆನ್ನಾಗಿತ್ತು. ಬಣ್ಣಗಳೂ ತುಂಬಿದ್ದವು. ಕೆಟ್ಟದ್ದು ಫೋಕಸ್ ಒಂದೇ.

ಫೋಕಸಿಗೆ ಬೇಕಾದ ಕೆಲವು ಸಾವಿರ ವೋಲ್ಟ್ ಇ.ಎಚ್.ಟಿ.ಯಿಂದ ದಪ್ಪ ತಂತಿಯಲ್ಲಿ ಬಂದು, ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸುವ ಸಾಕೆಟ್ ಸೇರುತ್ತದೆ. ಆ ಸಾಕೆಟ್ಟಿನಲ್ಲಿ ಫೋಕಸ್ ಪಿನ್ನಿಗೆಂದೇ ಒಂದು ಚಿಕ್ಕ ಪ್ಲಾಸ್ಟಿಕ್ ಗೂಡು ಇರುತ್ತದೆ. ಅದರೊಳಗೆ ಎರಡು ಲೋಹದ ತುದಿಗಳು ಸ್ವಲ್ಪ ಅಂತರ ಬಿಟ್ಟು ಎದುರುಬದುರು ಕೂತಿರುತ್ತವೆ. ಅಕಸ್ಮಾತ್ ವೋಲ್ಟೇಜ್ ಏರಿದರೆ ಕಿಡಿ ಅಲ್ಲೇ ಹಾರಿ ಗ್ರೌಂಡಿಗೆ ಹೋಗಲಿ, ಟ್ಯೂಬ್ ಉಳಿಯಲಿ ಎಂಬ ಏರ್ಪಾಡು ಅದು. ನಮ್ಮ ಥಂಡಿಗೆ ಆ ಗೂಡಿನೊಳಗೆ ನೀಲಿ ಹಸಿರು ಕಿಲುಬು ಬೆಳೆಯುತ್ತದೆ. ಕಿಲುಬಿನ ಮೂಲಕ ಫೋಕಸ್ ವೋಲ್ಟೇಜ್ ಸೋರುತ್ತದೆ. ಸೋರಿದಷ್ಟೂ ಚಿತ್ರ ಮಸುಕು. ಮೆಷಿನ್ ಬಿಸಿಯಾಗಿ ತೇವ ಆರಿದಂತೆ ಸೋರಿಕೆ ಕಡಿಮೆಯಾಗುತ್ತದೆ, ಚಿತ್ರ ಚೂಪಾಗುತ್ತದೆ.

ಇ.ಎಚ್.ಟಿ. ಮೇಲಿನ ಫೋಕಸ್ ಪ್ರೀಸೆಟ್ (ಹೊಂದಿಸಲು ತಿರುಗಿಸುವ ಸಣ್ಣ ತಿರುಗಣೆ) ತಿರುಗಿಸಿದರೆ ಬೆಳಗ್ಗೆ ಸರಿಹೋದೀತು. ಆದರೆ ಮಧ್ಯಾಹ್ನ ಅದೇ ಜಾಗದಲ್ಲಿ ಮಸುಕು. ಪ್ರೀಸೆಟ್ಟನ್ನು ದಿನಾ ತಿರುಗಿಸಬೇಕಾಗುತ್ತಿದೆ ಎಂಬುದೇ ಸಾಕೆಟ್ ಕೆಟ್ಟಿರುವುದಕ್ಕೆ ಗುರುತು. ಖಚಿತ ಮಾಡಿಕೊಳ್ಳಲು, ಡಿಸ್ಚಾರ್ಜ್ ಮಾಡಿದ ಮೇಲೆ ಸಾಕೆಟ್ ಎಳೆದು ತೆಗೆದು ಗೂಡಿನ ಮುಚ್ಚಳ ಎಬ್ಬಿಸಿ ನೋಡಿ. ಹಸಿರು ಪುಡಿ ಕಂಡರೆ ಸಂಶಯವೇ ಬೇಡ. ಕೆರೆದು ತೊಳೆದರೆ ತಾತ್ಕಾಲಿಕ. ಒಳಗಿನ ಪ್ಲಾಸ್ಟಿಕ್ಕೇ ತೇವ ಹಿಡಿದಿರುತ್ತದೆ. ಹೊಸ ಸಾಕೆಟ್ ಹಾಕಬೇಕು. ಹಳೇ ಟಿವಿಗಳಲ್ಲೂ ಇದೇ ಬಗೆಯ ಸಾಕೆಟ್ ಇರುತ್ತದೆ. ಪಿನ್ನಿನ ಜೋಡಣೆ ಮತ್ತು ಕುತ್ತಿಗೆಯ ದಪ್ಪ ಹೊಂದಬೇಕು ಅಷ್ಟೆ. ಸಾಮಾನ್ಯವಾಗಿ ಸಿಗುವ ಎರಡು ಅಳತೆ 29.1 ಮಿಲಿಮೀಟರ್ ಮತ್ತು 22.5 ಮಿಲಿಮೀಟರ್. ಕುಮಟಾದ ಆ ಮೆಷಿನ್ ಸಾಕೆಟ್ ಬದಲಿಸಿದ ಮೇಲೆ ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ.

ಇದರ ಜೊತೆಗೇ ಆನೋಡ್ ಕಪ್ ನೋಡಿಕೊಳ್ಳಿ. ಮಳೆಗಾಲದಲ್ಲಿ 'ಚಿರ್ ಚಿರ್' ಸದ್ದು, ಕತ್ತಲಲ್ಲಿ ಕಪ್ಪಿನ ಸುತ್ತ ನೀಲಿ ಹೊಳಪು, ಮೂಗಿಗೆ ಓಜೋನ್ ವಾಸನೆ ಬಂದರೆ ಅಲ್ಲಿ ಉಪ್ಪು, ಧೂಳು ಸೇರಿದೆ. ಡಿಸ್ಚಾರ್ಜ್ ಮಾಡಿ, ಕಪ್ ಬಿಡಿಸಿ, ಕಪ್ಪಿನ ಒಳಭಾಗವನ್ನೂ ಆನೋಡಿನ ಸುತ್ತಲಿನ ಬರಿಗಾಜನ್ನೂ ಆಲ್ಕೋಹಾಲಿನಿಂದ ಒರೆಸಿ. ಪೂರ್ತಿ ಆರಿದ ಮೇಲೆ ಕಪ್ಪಿನ ಅಂಚಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿ. ಗಾಜಿನ ಆಚೆ ಇರುವ ಕಪ್ಪು ಲೇಪವನ್ನು ಮಾತ್ರ ಉಜ್ಜಬೇಡಿ, ಅದು ಇರಲೇಬೇಕು. ಅದರ ಮೇಲಿನ ಹೆಣೆದ ತಂತಿ ತುಕ್ಕು ಹಿಡಿದು ತುಂಡಾಗಿದ್ದರೆ ಹೊಸದು ಕಟ್ಟಿ.

ಪರದೆ ಪೂರ್ತಿ ಕಪ್ಪು

ಮೊದಲು ಟ್ಯೂಬಿನ ಕುತ್ತಿಗೆ ನೋಡಿ. ಒಳಗೆ ಕಿತ್ತಳೆ ಬಣ್ಣದ ಸಣ್ಣ ಬೆಳಕಿದೆಯೇ? ಇದ್ದರೆ ಹೀಟರ್ ಉರಿಯುತ್ತಿದೆ. ಬಹುತೇಕ ಮಾನಿಟರುಗಳಲ್ಲಿ ಹೀಟರಿಗೆ ಬೇಕಾದ 6.3 ವೋಲ್ಟ್ ಇ.ಎಚ್.ಟಿ.ಯಿಂದಲೇ ಬರುತ್ತದೆ. ಅಂದರೆ ಹಾರಿಜಾಂಟಲ್ ಭಾಗ ಕೆಲಸ ಮಾಡುತ್ತಿದೆ. ಹೀಟರ್ ಉರಿದೂ ಚಿತ್ರ ಇಲ್ಲದಿದ್ದರೆ ಪರದೆಯ ಒಟ್ಟು ಬೆಳಕು ಹೊಂದಿಸುವ ಸ್ಕ್ರೀನ್ ಪ್ರೀಸೆಟ್ ಸ್ವಲ್ಪ ಏರಿಸಿ ನೋಡಿ. ಬರೀ ಬೂದು ಬೆಳಕು ಬಂದರೆ ಮಾನಿಟರ್ ಜೀವಂತ, ವಿಡಿಯೋ ಸಿಗ್ನಲ್ ಬರುತ್ತಿಲ್ಲ.

ಕುತ್ತಿಗೆಯಲ್ಲಿ ಬೆಳಕಿಲ್ಲ, ಸಣ್ಣ ಕೀರಲು ಸದ್ದೂ ಇಲ್ಲ ಎಂದರೆ ಫ್ಯೂಸ್ ನೋಡಿ. ಫ್ಯೂಸ್ ಕಪ್ಪಾಗಿ ಸಿಡಿದಿದ್ದರೆ ಎಲ್ಲೋ ಶಾರ್ಟ್ ಇದೆ, ಹೊಸ ಫ್ಯೂಸ್ ಹಾಕಿ ಪರೀಕ್ಷಿಸಬೇಡಿ. ನಮ್ಮ ಟಿವಿ ಮೆಕ್ಯಾನಿಕ್‌ಗಳ ಸೀರೀಸ್ ಬಲ್ಬ್ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹೋಗುವ 230 ವೋಲ್ಟ್ ಲೈನಿನಲ್ಲಿ 100 ವಾಟಿನ ಹಳೇ ಬಲ್ಬನ್ನು ಸರಣಿಯಾಗಿ ಹಾಕಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ದೊಡ್ಡ ಶಾರ್ಟ್ ಇಲ್ಲ. ಜೋರಾಗಿ ಉರಿಯುತ್ತಲೇ ಇದ್ದರೆ ಇದೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ.

ಮೊದಲ ಅನುಮಾನ ಡಯೋಡ್ ಬ್ರಿಜ್, ಎರಡನೆಯದು ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್. ಮುಟ್ಟುವ ಮುಂಚೆ ದೊಡ್ಡ ಫಿಲ್ಟರ್ ಕಂಡೆನ್ಸರನ್ನು ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿ. 120 ವೋಲ್ಟಿನ ಮಾನಿಟರಿನಲ್ಲಿ ಅದರಲ್ಲಿ 170 ವೋಲ್ಟಿನಷ್ಟು ಉಳಿದಿರುತ್ತದೆ. ನೇರ 230ಕ್ಕೆ ಓಡುವುದರಲ್ಲಿ 325. ಟ್ರಾನ್ಸಿಸ್ಟರನ್ನು ಬಿಚ್ಚಿ ಕಲೆಕ್ಟರ್–ಎಮಿಟರ್ ಕಾಲುಗಳ ನಡುವೆ ಓಮ್ಸ್ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಶಾರ್ಟ್. ಬೇಸ್–ಎಮಿಟರ್ ನಡುವೆ ಮಾತ್ರ ಕಡಿಮೆ ಓಮ್ಸ್ ತೋರಿಸಿದರೆ ಗಾಬರಿ ಬೇಡ. ಕೆಲವು ಟ್ರಾನ್ಸಿಸ್ಟರುಗಳ ಒಳಗೇ ಡ್ಯಾಂಪರ್ ಡಯೋಡು, ಸಣ್ಣ ರೆಸಿಸ್ಟರು ಇರುತ್ತವೆ. ಒಳಗೆ ಡಯೋಡ್ ಇದ್ದದ್ದರ ಜಾಗಕ್ಕೆ ಇಲ್ಲದ್ದನ್ನು ಹಾಕಬಾರದು. ಬಿಯು 508ರಲ್ಲಿ ಎ ಮತ್ತು ಡಿ ಎಂದು ಎರಡು ಬರುತ್ತವೆ. ಡಯೋಡ್ ಇರುವುದು ಡಿ ಯಲ್ಲಿ.

ಟ್ರಾನ್ಸಿಸ್ಟರ್ ತನ್ನಷ್ಟಕ್ಕೆ ಸಾಯುವುದು ಕಡಿಮೆ. ಡ್ರೈವರ್ ಟ್ರಾನ್ಸ್‌ಫಾರ್ಮರಿನ ಡ್ರೈ ಸೋಲ್ಡರ್, ಒಳಗೇ ಶಾರ್ಟ್ ಆದ ಇ.ಎಚ್.ಟಿ., ಏರಿದ ಬಿ ಪ್ಲಸ್ (ಮಾನಿಟರಿನ ಮುಖ್ಯ ಡಿಸಿ ಸಪ್ಲೈ), ಇವು ಅದನ್ನು ಕೊಲ್ಲುತ್ತವೆ. ಹೊಸದನ್ನು ಹಾಕುವ ಮುಂಚೆ ಬಿ ಪ್ಲಸ್ ನೋಡಲೇಬೇಕು. ಟ್ರಾನ್ಸಿಸ್ಟರ್ ಇಲ್ಲದಿರುವಾಗ ಬಿ ಪ್ಲಸ್ ಮತ್ತು ಗ್ರೌಂಡ್ ನಡುವೆ 60 ಅಥವಾ 100 ವಾಟಿನ ಬಲ್ಬನ್ನು ಲೋಡ್ ಆಗಿ ಹಾಕಿ ಅಳೆಯಿರಿ. ಲೋಡ್ ಇಲ್ಲದೆ ಅಳೆದರೆ ಸುಳ್ಳು ಸಂಖ್ಯೆ ಬರುತ್ತದೆ. ಜಿ 07ಕ್ಕೆ 120 ವೋಲ್ಟ್ ಇರಬೇಕು. ಕೆ 7000ದಲ್ಲಿ ಬಿ ಪ್ಲಸ್ ಏರಿಳಿಯದಂತೆ ಹಿಡಿದಿಡುವ ರೆಗ್ಯುಲೇಟರ್ ಐಸಿಯ ಹೆಸರೇ ಹೇಳುತ್ತದೆ: ಎಸ್‌ಟಿಆರ್ 30123 ಇದ್ದರೆ 123, 30130 ಇದ್ದರೆ 130. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ರೆಗ್ಯುಲೇಟರ್ ಶಾರ್ಟ್, ಮೊದಲು ಅದನ್ನು ಸರಿಮಾಡಿ.

ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಹತ್ತಿರ 1600 ಅಥವಾ 2000 ವೋಲ್ಟಿನ ಕಂಡೆನ್ಸರ್ ಒಂದಿರುತ್ತದೆ. ಅದರಲ್ಲಿ ರಾಜಿ ಬೇಡ. ಅದು ಓಪನ್ ಆದರೆ, ಅಥವಾ ಅದರ ಫ್ಯಾರಡ್ ಅಳತೆ ಕಡಿಮೆಯಾದರೆ, ಆನೋಡ್ ವೋಲ್ಟೇಜ್ ಸಿಕ್ಕಾಪಟ್ಟೆ ಏರುತ್ತದೆ. ಟ್ಯೂಬಿನ ಕುತ್ತಿಗೆಯಲ್ಲಿ ಕಿಡಿ ಹಾರುತ್ತದೆ, ಎಕ್ಸ್‌ರೇ ಕೂಡ ಹೆಚ್ಚುತ್ತದೆ. ಅದೇ ಫ್ಯಾರಡ್ ಅಳತೆ, ಅದೇ ವೋಲ್ಟೇಜ್, ಅದೇ ಜಾತಿಯದ್ದೇ ಬೇಕು.

ಒಂದೇ ಗೆರೆ

ನಡುವೆ ಅಡ್ಡಲಾಗಿ ಒಂದೇ ಬೆಳ್ಳಿಗೆರೆ ಬಂದರೆ ಕೂಡಲೇ ಬ್ರೈಟ್‌ನೆಸ್ ಇಳಿಸಿ. ಇಲ್ಲವಾದರೆ ಆ ಗೆರೆ ಟ್ಯೂಬಿನ ಫಾಸ್ಫರಿಗೆ ಸುಟ್ಟು ಶಾಶ್ವತವಾಗುತ್ತದೆ. ಇದು ವರ್ಟಿಕಲ್ ಭಾಗದ ತೊಂದರೆ. ಯೋಕ್ ಕನೆಕ್ಟರ್, ವರ್ಟಿಕಲ್ ಐಸಿಯ ಜಾಯಿಂಟ್, ಅದಕ್ಕೆ ಬರುವ ವೋಲ್ಟೇಜ್, ಅದರ ಸುತ್ತಲಿನ ಕಂಡೆನ್ಸರ್, ಕೊನೆಗೆ ಐಸಿ. ಇದೇ ಕ್ರಮದಲ್ಲಿ ಹೋಗಿ. ಚಿತ್ರ ತೆರೆದಿದ್ದು ಮೇಲ್ಭಾಗ ಮಾತ್ರ ಮಡಚಿಕೊಂಡು ಬಿಳಿ ಗೆರೆಗಳು ಕಂಡರೆ ಐಸಿಯ ಪಕ್ಕದ ಸಣ್ಣ ಕಂಡೆನ್ಸರ್ ಒಣಗಿರುತ್ತದೆ, ಸಾಮಾನ್ಯವಾಗಿ 100 ಮೈಕ್ರೋಫ್ಯಾರಡಿನದ್ದು.

ಗೆರೆ ಉದ್ದುದ್ದ ನಿಂತಿದ್ದರೆ ಹಾರಿಜಾಂಟಲ್ ಯೋಕಿಗೆ ಕರೆಂಟ್ ಹೋಗುತ್ತಿಲ್ಲ. ಕನೆಕ್ಟರ್ ಪಿನ್ ಸುಟ್ಟು ಕಂದಾಗಿರುವುದನ್ನು ಮೊದಲು ನೋಡಿ.

ಉರುಳುವುದು, ಅಲೆ, ನಡುಕ

ಚಿತ್ರ ಮೇಲೆ ಕೆಳಗೆ ಉರುಳಿದರೆ, ಅಥವಾ ಓರೆಯಾಗಿ ಹರಿದುಹೋದರೆ, ಚಿತ್ರವನ್ನು ಹಿಡಿದು ನಿಲ್ಲಿಸುವ ಹೋಲ್ಡ್ ಪ್ರೀಸೆಟ್ ತಿರುಗಿಸಿ. ಒಂದು ಕ್ಷಣ ನಿಂತು ಮತ್ತೆ ಜಾರಿದರೆ ಸಿಂಕ್ ಬರುತ್ತಿಲ್ಲ. ಸಿಂಕ್ ತಂತಿಯನ್ನು ಜಾಮಾ ಪಿನ್ನಿನಿಂದ ಮಾನಿಟರಿನವರೆಗೆ ಹಿಂಬಾಲಿಸಿ. ಕೆಲವು ಮಾನಿಟರಿಗೆ ಹಾರಿಜಾಂಟಲ್, ವರ್ಟಿಕಲ್ ಸಿಂಕ್‌ಗೆ ಬೇರೆ ಬೇರೆ ಪಿನ್ ಇರುತ್ತದೆ. ಒಂದೇ ತಂತಿ ಬರುವ ಬೋರ್ಡಾದರೆ ಅದನ್ನು ಎರಡಕ್ಕೂ ಕೊಡಬೇಕಾಗಬಹುದು.

ಅಂಚುಗಳು ಹಾವಿನಂತೆ ಬಳುಕುವುದು ಬೇರೆ. ಅದು ಬಿ ಪ್ಲಸ್ ಸಪ್ಲೈಯ ದೊಡ್ಡ ಫಿಲ್ಟರ್ ಕಂಡೆನ್ಸರ್ ಒಣಗಿದ ಲಕ್ಷಣ. ಅಮೆರಿಕದವರು ಬರೆದ ಕೈಪಿಡಿಗಳಲ್ಲಿ ಈ ದೋಷಕ್ಕೆ 'ನಿಧಾನವಾಗಿ ಮೇಲೇರುವ ಪಟ್ಟಿ' ಎಂದಿರುತ್ತದೆ. ಅಲ್ಲಿ ಕರೆಂಟ್ 60 ಹರ್ಟ್ಸ್, ಗೇಮಿನ ಚಿತ್ರವೂ ಸೆಕೆಂಡಿಗೆ 60ರ ಆಸುಪಾಸು. ಎರಡರ ವ್ಯತ್ಯಾಸ ತೀರಾ ಕಡಿಮೆ, ಹೀಗಾಗಿ ಪಟ್ಟಿ ನಿಧಾನ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಹೀಗಾಗಿ ಅದೇ ದೋಷ ಇಲ್ಲಿ ಪಟ್ಟಿಯಾಗಿ ಕಾಣುವುದೇ ಇಲ್ಲ. ಇಡೀ ಚಿತ್ರ ಬೇಗ ಬೇಗ ನಡುಗಿದಂತೆ ಕಾಣುತ್ತದೆ. ಆ ಕೈಪಿಡಿ ಓದಿ 'ನಮ್ಮದು ಹಾಗಿಲ್ಲವಲ್ಲ' ಎಂದು ಕಂಡೆನ್ಸರ್ ಬಿಟ್ಟು ಮುಂದೆ ಹೋಗುವವರಿದ್ದಾರೆ. ಬಿಡಬೇಡಿ, ಅದೇ ಮೊದಲ ಅನುಮಾನ.

ನಾಲ್ಕೂ ಕಡೆಯಿಂದ ಚಿತ್ರ ಕುಗ್ಗಿದ್ದರೆ ಬಿ ಪ್ಲಸ್ ಕಡಿಮೆ. ಮಳೆಗಾಲದಲ್ಲಿ ಊರಿನ ಕರೆಂಟೇ 180ಕ್ಕೆ ಇಳಿದಿರಬಹುದು, ಮೊದಲು ಗೋಡೆಯ ಸಾಕೆಟ್ಟಿನಲ್ಲೇ ಅಳೆಯಿರಿ. ಬ್ರೈಟ್‌ನೆಸ್ ಏರಿಸಿದಾಗ ಚಿತ್ರ ಉಬ್ಬಿ ಮಂಕಾದರೆ ಆನೋಡ್ ವೋಲ್ಟೇಜ್ ತಡೆದುಕೊಳ್ಳುತ್ತಿಲ್ಲ, ಇ.ಎಚ್.ಟಿ. ಕಡೆ ನೋಡಬೇಕು.

ಬಣ್ಣ ತಪ್ಪಿದರೆ

ನೀಲಿ ಇಲ್ಲದಿದ್ದರೆ ಬಿಳಿ ಜಾಗ ಹಳದಿಯಾಗುತ್ತದೆ. ಹಸಿರು ಇಲ್ಲದಿದ್ದರೆ ಗುಲಾಬಿ. ಕೆಂಪು ಇಲ್ಲದಿದ್ದರೆ ಆಕಾಶದ ಬಣ್ಣ. ಇದರಲ್ಲಿ ದೋಷ ಎಲ್ಲಿದೆ ಎಂದು ತಿಳಿಯಲು ಮೀಟರೂ ಬೇಡ. ಮೆಷಿನ್ ಆಫ್ ಮಾಡಿ, ಮಾನಿಟರಿಗೆ ಬರುವ ತಂತಿಗಳಲ್ಲಿ ಕೆಟ್ಟ ಬಣ್ಣದ್ದನ್ನು ಪಕ್ಕದ ಬಣ್ಣದ ಜೊತೆ ಅದಲು ಬದಲು ಮಾಡಿ. ಈಗ ಬೇರೆ ಬಣ್ಣ ಮಾಯವಾದರೆ ದೋಷ ಗೇಮ್ ಬೋರ್ಡು ಅಥವಾ ತಂತಿಯಲ್ಲಿದೆ. ಅದೇ ಬಣ್ಣ ಈಗಲೂ ಇಲ್ಲವೆಂದರೆ ಮಾನಿಟರಿನಲ್ಲಿದೆ. ಇಷ್ಟು ಸರಳ ಪರೀಕ್ಷೆ ಇನ್ನೊಂದಿಲ್ಲ, ಆದರೂ ಎಷ್ಟೋ ಜನ ಇದನ್ನು ಬಿಟ್ಟು ನೇರ ಟ್ಯೂಬಿಗೆ ಹೋಗುತ್ತಾರೆ.

ಮಾನಿಟರಿನಲ್ಲೇ ಎಂದಾದರೆ ಕುತ್ತಿಗೆಯ ಬೋರ್ಡಿಗೆ ಬನ್ನಿ. ಮೂರು ಬಣ್ಣಕ್ಕೂ ಒಂದೇ ಥರದ ಮೂರು ಸರ್ಕ್ಯೂಟ್ ಇರುತ್ತವೆ. ಚೆನ್ನಾಗಿರುವ ಬಣ್ಣದ ವೋಲ್ಟೇಜ್‌ಗಳನ್ನು ಬರೆದುಕೊಂಡು ಕೆಟ್ಟದ್ದರ ಜೊತೆ ಹೋಲಿಸಿ. ಎಲ್ಲಿ ಬೇರೆಯಾಗುತ್ತದೋ ಅಲ್ಲೇ ದೋಷ. ಪರದೆಯೆಲ್ಲ ಒಂದೇ ಬಣ್ಣದಲ್ಲಿ ಜೋರಾಗಿ ಉರಿದು ಓರೆ ಗೆರೆಗಳು ಕಂಡರೆ ಆ ಬಣ್ಣದ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಇಲ್ಲವೇ ಟ್ಯೂಬಿನೊಳಗೆ ಹೀಟರಿಗೂ ಕ್ಯಾಥೋಡಿಗೂ ತಾಗಿರಬಹುದು.

ಮೂಲೆಯಲ್ಲಿ ಮಾತ್ರ ಹಸಿರು, ನೇರಳೆ ಕಲೆ ಇದ್ದರೆ ಅದು ಮ್ಯಾಗ್ನೆಟ್ಟಿನ ಕೆಲಸ. ಹತ್ತಿರ ಸ್ಪೀಕರ್ ಇದೆಯೇ ನೋಡಿ. ಟ್ಯೂಬಿನ ಕಾಂತತ್ವ ತೆಗೆಯುವ ಡೀಗಾಸಿಂಗ್ ಕಾಯಿಲ್, ಮೆಷಿನ್ ಆನ್ ಮಾಡಿದ ಕ್ಷಣ, 'ಧಂ' ಎನ್ನಬೇಕು. ಎನ್ನದಿದ್ದರೆ ಅದರ ಪಾಸಿಸ್ಟರ್ (ಬಿಸಿಯಾದಂತೆ ಕಾಯಿಲಿನ ಕರೆಂಟ್ ಇಳಿಸುವ ಭಾಗ) ಹೋಗಿದೆ. ಒಮ್ಮೆ ಆಫ್ ಮಾಡಿದರೆ ಹದಿನೈದು ಇಪ್ಪತ್ತು ನಿಮಿಷ ತಣ್ಣಗಾಗಲು ಬಿಡಿ, ಬಿಸಿ ಪಾಸಿಸ್ಟರ್ ಕೆಲಸ ಮಾಡುವುದಿಲ್ಲ. ಭೂಮಿಯ ಕಾಂತ ಬಲವೂ ಇಲ್ಲಿ ಸೇರುತ್ತದೆ. ಅದರ ಮೇಲಿನಿಂದ ಕೆಳಕ್ಕಿನ ಎಳೆತ ಯುರೋಪು, ಅಮೆರಿಕದಲ್ಲಿ ಜಾಸ್ತಿ, ನಮ್ಮಲ್ಲಿ ಕಡಿಮೆ. ಅಲ್ಲಿ ಹೊಂದಿಸಿ ಬಂದ ಟ್ಯೂಬಿನಲ್ಲಿ ಡೀಗಾಸ್ ಮಾಡಿದರೂ ತೆಳು ಕಲೆ ಉಳಿಯಬಹುದು. ಅಷ್ಟಕ್ಕಾಗಿ ಕುತ್ತಿಗೆಯ ಮೇಲಿನ ಉಂಗುರಗಳನ್ನು ತಿರುಗಿಸಲು ಹೋಗಬೇಡಿ. ಒಮ್ಮೆ ತಪ್ಪಿದರೆ ಮೂರು ಬಣ್ಣವನ್ನೂ ಮತ್ತೆ ಕೂಡಿಸುವುದು ಬಹಳ ಕಷ್ಟದ ಕೆಲಸ.

ಕಂಡೆನ್ಸರ್ ಎಲ್ಲ ಬದಲಿಸಬೇಕೇ

ಕಿಟ್ ತರಿಸಿ ಎಲ್ಲ ಕಂಡೆನ್ಸರ್ ಬದಲಿಸುವುದು ಕೆಟ್ಟದ್ದಲ್ಲ. ಮೂವತ್ತು ನಲವತ್ತು ವರ್ಷದ ಕಂಡೆನ್ಸರಿಗೆ ಬಾಳಿಕೆ ಮುಗಿದಿರುತ್ತದೆ. ಆದರೆ ದೋಷ ಹುಡುಕುವ ಮುಂಚೆ ಕಿಟ್ ಹಾಕಿದರೆ ಹಳೇ ದೋಷದ ಜೊತೆ ಹೊಸದೂ ಸೇರುವ ಅಪಾಯ ಇದೆ. ಒಂದು ಕಂಡೆನ್ಸರ್ ತಿರುಗುಮುರುಗಾದರೂ ಸಾಕು. ಮೊದಲು ಚಿತ್ರ ಬರಲಿ, ಆಮೇಲೆ ಕಿಟ್. 105 ಡಿಗ್ರಿ ಶಾಖ ತಡೆಯುವಂಥದ್ದೇ ಹಾಕಿ. ಒಂದೊಂದೇ ತೆಗೆದು ಒಂದೊಂದೇ ಹಾಕಿ. ಹಳೆಯದನ್ನು ಅಳೆಯುವುದಾದರೆ ಕಂಡೆನ್ಸರಿನ ಒಳಗಿನ ತಡೆ ತೋರಿಸುವ ಇಎಸ್‌ಆರ್ ಮೀಟರಿನಲ್ಲಿ ಅಳೆಯಿರಿ. ಸಾಮಾನ್ಯ ಮೀಟರಿನಲ್ಲಿ ಫ್ಯಾರಡ್ ಅಳತೆ ಸರಿ ತೋರಿಸಿಯೂ ಕೆಲಸಕ್ಕೆ ಬಾರದ ಕಂಡೆನ್ಸರುಗಳು ಬೇಕಾದಷ್ಟಿವೆ.

ಜೋಡಿಸಿದ ಮೇಲೆ

ಎಲ್ಲ ಮುಗಿದ ಮೇಲೆ ಸೀರೀಸ್ ಬಲ್ಬಿನ ಮೂಲಕವೇ ಮೊದಲ ಸಲ ಆನ್ ಮಾಡಿ. ಬಲ್ಬ್ ಜೋರಾಗಿ ಉರಿಯದಿದ್ದರೆ ನೇರ ಕೊಟ್ಟು ಬಿ ಪ್ಲಸ್ ಅಳೆಯಿರಿ. ಕೋಣೆ ಕತ್ತಲೆ ಮಾಡಿ ಸ್ಕ್ರೀನ್ ಪ್ರೀಸೆಟ್ ಏರಿಸುತ್ತ ಬನ್ನಿ. ಕಪ್ಪು ಜಾಗ ಬೂದಾಗಲು ಶುರುವಾದಾಗ ನಿಲ್ಲಿಸಿ, ಅಲ್ಲಿಂದ ಒಂದಿಷ್ಟು ಇಳಿಸಿ. ಫೋಕಸನ್ನು ಪರದೆಯ ನಡುವೆ ನೋಡಿ ಹೊಂದಿಸಬೇಡಿ. ನಡುವಿಗೂ ಮೂಲೆಗೂ ಮಧ್ಯದ ಜಾಗದಲ್ಲಿರುವ ಅಕ್ಷರ ನೋಡಿ ಹೊಂದಿಸಿ.

ಎರಡು ಗಂಟೆ ಓಡಿಸಿ ಬಿ ಪ್ಲಸ್ ಮತ್ತೆ ಅಳೆಯಿರಿ. ಮೊದಲಿನ ಅಂಕಿಯೇ ಬರಬೇಕು. ಮಳೆಗಾಲದ ತಿಂಗಳುಗಳಲ್ಲಿ ಮೆಷಿನ್ನನ್ನು ದಿನಕ್ಕೆ ಅರ್ಧ ಗಂಟೆಯಾದರೂ ಹಾಕಿ. ಬಳಸುವುದೇ ಇಲ್ಲ ಎಂದಾದರೆ ಪೆಟ್ಟಿಗೆಯ ತಳದಲ್ಲಿ, ಮರಕ್ಕೂ ತಂತಿಗೂ ತಾಗದ ಹಾಗೆ, 15 ವಾಟಿನ ಹಳೇ ಬಲ್ಬ್ ಒಂದನ್ನು ಉರಿಸಿಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚಿಟ್ಟಿದ್ದ ಮೆಷಿನ್ ಆದರೆ, ನೇರ ಸ್ವಿಚ್ ಹಾಕದೆ, ಹಿಂಬಾಗಿಲು ತೆರೆದು ಎರಡು ದಿನ ಒಣಗಲು ಬಿಟ್ಟು, ಆನೋಡ್ ಕಪ್ ಒರೆಸಿ, ಆಮೇಲೆ ಆನ್ ಮಾಡಿ.